ಈ ಬದಿ ಗೋಡೆಗೆ

ಮನೆಗೆಲಸಕ್ಕೆ ಸೇರಿದಾಗ ನನಗೆ ಐವತ್ತಾರು ವರ್ಷ. ಅದಾಗಿ ಇಪ್ಪತ್ತು ವರ್ಷ ದಾಟಿತು. ಎಕ್ಸ್‌ರೇ ಮೇಷ್ಟ್ರ ಬಲಗೈಯಲ್ಲಿ ಮೂರು ಬೆರಳಿಗೆ ಉಗುರು ಇರಲಿಲ್ಲ. ಉಗುರು ಇರಬೇಕಾದ ಕಡೆ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಪ್ಪಗೆ ಸುಕ್ಕುಗಟ್ಟಿತ್ತು. ನಾನು ಕೆಲಸ ಕೇಳಿಕೊಂಡು ಹೋದ ಮೊದಲ ದಿನ ಆ ಬೆರಳಿನಲ್ಲೇ ಲೋಟ ಹಿಡಿದು ಕಾಫಿ ಕೊಟ್ಟರು. ಕುಷ್ಠವೇನೋ ಎಂದು ನಾನು ತೆಗೆದುಕೊಳ್ಳಲಿಲ್ಲ.

"ದೊಡ್ಡ ರೋಗವಾ?" ಎಂದು ಕೇಳಿಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ಸುತ್ತಿ ಬಳಸಿ ಕೇಳಿದರೆ ಹೊತ್ತು ಹಾಳು.

"ಅಲ್ಲ ಕಣಮ್ಮಿ. ಬೆಳ್ಕು ತಿಂದದ್ದು."

"ಬೆಳ್ಕು ಎಲ್ಲಾದ್ರೂ ಬೆರಳ ತಿಂದದಾ?"

"ಕಾಣೋ ಬೆಳ್ಕು ತಿನ್ನಕಿಲ್ಲ. ಕಾಣದೆ ಇರೋದು ತಿಂತದೆ. ಕಾಫಿ ಆರೋಯ್ತದೆ, ಕುಡಿ."

ಕುಡಿದೆ. ಕಾಫಿ ಚೆನ್ನಾಗಿತ್ತು. ಅವತ್ತಿನಿಂದ ಅವರ ಮನೆಯ ಕಸ ಮುಸುರೆ ನನ್ನದಾಯಿತು.

ಅವರು ಎಲ್ಲೂ ಪಾಠ ಹೇಳಿದವರಲ್ಲ. ಯಾವುದೋ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಗುಂಡ್ಲುಪೇಟೆಗೆ ಬಂದು, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಪ್ಪನ ಕಾಲದ ಮನೆ ಸೇರಿಕೊಂಡಿದ್ದರು. ಮಕ್ಕಳಿರಲಿಲ್ಲ. ಕನ್ನಡಕ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿದವರನ್ನೆಲ್ಲ ನಮ್ಮ ಬೀದಿಯಲ್ಲಿ ಮೇಷ್ಟ್ರು ಎನ್ನುತ್ತಾರೆ. ಇವರು ಎಕ್ಸ್‌ರೇ ಮೇಷ್ಟ್ರಾದರು.

ಮನೆಯ ಹಿಂದೆ ಕೊಟ್ಟಿಗೆ ಇತ್ತು, ದನ ಇರಲಿಲ್ಲ. ದನ ಕಟ್ಟುವ ಕಡೆ ಗಾಜಿನ ಟ್ಯೂಬುಗಳು. ಬಳ್ಳಿಯಂತೆ ಸುತ್ತಿಕೊಂಡದ್ದು, ಸೋರೆಕಾಯಿಯಂತೆ ಹೊಟ್ಟೆ ಉಬ್ಬಿದ್ದು, ಮೊಳದುದ್ದದ್ದು, ಗೇಣುದ್ದದ್ದು. ಒಳಗಿನ ಗಾಳಿ ಎಲ್ಲ ಎಳೆದು ಬಾಯಿ ಮುಚ್ಚಿದ ಗಾಜು. ಒಂದು ಲಾರಿ ಬ್ಯಾಟರಿ, ಹಳೇ ಜೀಪಿನಿಂದ ಬಿಚ್ಚಿದ ಕಾಯಿಲ್ ಇಟ್ಟುಕೊಂಡು ಅದಕ್ಕೆ ಕರೆಂಟು ಕೊಡುತ್ತಿದ್ದರು. ಬ್ಯಾಟರಿಯ ಕರೆಂಟು ಆ ಕಾಯಿಲ್ ಒಳಗೆ ಹೋಗಿ ಹೊರಗೆ ಬರುವಾಗ ಸಾವಿರಗಟ್ಟಲೆ ಜೋರಾಗುತ್ತದಂತೆ. ಚಟಚಟ ಎನ್ನುತ್ತಿತ್ತು, ಮಳೆಗೆ ಮುಂಚೆ ಬರುವಂಥ ವಾಸನೆ ಬರುತ್ತಿತ್ತು, ಟ್ಯೂಬು ಒಂದೊಂದು ಒಂದೊಂದು ಬಣ್ಣ ಉರಿಯುತ್ತಿತ್ತು. ನೇರಳೆ, ಗುಲಾಬಿ, ನೀಲಿ. ಇದೆಲ್ಲ ಯಾಕೆ ಎಂದು ನಾನು ಕೇಳಿದರೆ, "ನಿಮ್ಮೂರ ಗಂಡಸ್ರು ಇಸ್ಪೀಟ್ ಆಡ್ತಾರಲ್ಲ, ಅದ್ಯಾಕೆ?" ಎನ್ನುತ್ತಿದ್ದರು.

ಆ ಮನೆಯ ಪದ್ಧತಿ ಉಲ್ಟಾ. ಎಲ್ಲರ ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಆ ಕೊಟ್ಟಿಗೆಗೆ ಚಪ್ಪಲಿ ಹಾಕಿಕೊಂಡು ಹೋಗಬೇಕು. ಅದಕ್ಕೆಂದೇ ನನಗೊಂದು ಜೊತೆ ರಬ್ಬರ್ ಚಪ್ಪಲಿ ತಂದು ಬಾಗಿಲಲ್ಲಿ ಇಟ್ಟಿದ್ದರು. ಕಾಯಿಲ್ ಹತ್ತಿರ ಹೋಗುವಾಗ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು, ಒಂದೇ ಕೈಯಲ್ಲಿ ಕೆಲಸ. ಎರಡು ಕೈ ಮುಟ್ಟಿದರೆ ಕರೆಂಟು ಈ ಕೈಯಿಂದ ಹತ್ತಿ ಆ ಕೈಯಿಂದ ಇಳಿಯುವಾಗ ನಡುವೆ ಎದೆ ಸಿಗುತ್ತದೆ ಎನ್ನುತ್ತಿದ್ದರು. ಎಲ್ಲ ಆರಿಸಿದ ಮೇಲೂ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಒಣ ಬಿದಿರಿನ ಕೋಲಿಗೆ ತಂತಿ ಸುತ್ತಿ, ತಂತಿಯ ಇನ್ನೊಂದು ತುದಿಯನ್ನು ನೆಲಕ್ಕೆ ಹೂತಿದ್ದರು. ಆ ಕೋಲಿನಿಂದ ಮೊದಲು ತಿವಿಯಬೇಕು. ಒಳಗೆ ಉಳಿದ ಕರೆಂಟು ಅದರಲ್ಲಿ ಭೂಮಿಗೆ ಇಳಿದು ಹೋಗುತ್ತದೆ. ಈ ಅಭ್ಯಾಸ ಅವರಿಗೆ ಎಷ್ಟು ಹತ್ತಿತ್ತು ಎಂದರೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗಲೂ ಎಡಗೈ ಬೆನ್ನ ಹಿಂದೆ ಇರುತ್ತಿತ್ತು.

ಟ್ಯೂಬುಗಳಲ್ಲಿ ಒಂದು ಮಾತ್ರ ಬೇರೆ. ಅದು ತೆಂಗಿನಕಾಯಿ ಗಾತ್ರ, ಎರಡು ಕಡೆ ಕೊಂಬು, ಕೆಳಗೆ ಮೊಲೆತೊಟ್ಟಿನ ಹಾಗೆ ಗಾಜಿನ ಒಂದು ಮೂತಿ. ಅದಕ್ಕೆ ಕರೆಂಟು ಕೊಟ್ಟರೆ ಗಾಜೇ ಹಸಿರಾಗಿ, ಎಳೆ ಬಾಳೆಲೆಗೆ ಬಿಸಿಲು ಬಿದ್ದಂತೆ ಹೊಳೆಯುತ್ತಿತ್ತು. ಆ ಹಸಿರಿನ ಜೊತೆಗೆ ಕಾಣದ್ದೂ ಬರುತ್ತಿತ್ತು. ಅವರ ಬೆರಳು ತಿಂದದ್ದು ಅದೇ ಜಾತಿಯದ್ದು.

ಹಳೇ ಕಾಲದಲ್ಲಿ ಆಸ್ಪತ್ರೆಗೆ ಕೈಮುರಿದ, ಕಾಲುಮುರಿದ ಮಕ್ಕಳು ಬಂದರೆ ಅವು ಅಳುತ್ತಾ ಒದ್ದಾಡುತ್ತವಲ್ಲ, ಇವರೇ ಕೈಯಲ್ಲಿ ಒತ್ತಿ ಹಿಡಿದುಕೊಂಡು ಚಿತ್ರ ತೆಗೆಯುತ್ತಿದ್ದರಂತೆ. ಮೆಷಿನ್ ಸರಿ ಇದೆಯೋ ಇಲ್ಲವೋ ನೋಡುವುದಕ್ಕೂ ತಮ್ಮದೇ ಕೈ ಒಡ್ಡುವುದು. ಸೀಸದ ಅಂಗಿ, ಸೀಸದ ಕೈಗವಸು ಎಲ್ಲ ಬಂದದ್ದು ಆಮೇಲೆ. ಬರುವಷ್ಟರಲ್ಲಿ ಉಗುರು ಹೋಗಿತ್ತು.

"ಬೆರಳ ತಿಂದಿದ್ನೇ ಮನೇಲಿಕ್ಕಂಡು ಸಾಕ್ತಿದ್ದೀರಲ್ಲ, ನಿಮಗೇನು ಬುದ್ಧಿ ಐತಾ?" ಎಂದು ಒಂದು ದಿನ ಕೇಳಿದೆ.

ಅವರು ನಗಲಿಲ್ಲ. "ಬೀದಿ ಐಕ್ಳು ಗುಜರಿಲಿ ಬಿದ್ದಿರೋ ಟಿವಿ ಟ್ಯೂಬ ಕಲ್ಲಲ್ಲಿ ಒಡೀತವೆ. ನಾಳೆ ಒಂದು ಹಳೇ ಟ್ಯೂಬು ಸಿಕ್ಕಿದ್ರೆ ಯಾವನಾರ ಒಬ್ಬ ಕರೆಂಟು ಕೊಟ್ಟು ಮುಂದೆ ಕುಂತ್ಕಂಡು ನೋಡ್ತಾನೆ. ಹೆದರ್ಸಿದ್ರೆ ಐಕ್ಳು ಕದ್ದು ಮಾಡ್ತವೆ. ತೋರ್ಸಿದ್ರೆ ದೂರ ನಿಂತ್ಕತವೆ. ಅದಕ್ಕೆ ವರ್ಷಕ್ಕೊಂದ್ಸಲ ತೋರಿಸ್ತೀನಿ."

ಹೌದು, ವರ್ಷಕ್ಕೊಂದು ಸಲ, ವಿಜಯದಶಮಿಯ ಸಂಜೆ, ಬೀದಿಯ ಮಕ್ಕಳನ್ನೆಲ್ಲ ಕೂರಿಸಿ ತೋರಿಸುತ್ತಿದ್ದರು. ಬೇರೆ ಟ್ಯೂಬುಗಳು ಮೊದಲು. ಕೊನೆಯಲ್ಲಿ ಹಸಿರು ಟ್ಯೂಬು, ಹತ್ತು ಎಣಿಸುವಷ್ಟು ಹೊತ್ತು ಮಾತ್ರ.

ಅದಕ್ಕೆ ಅವರು ಮಾಡಿಕೊಂಡಿದ್ದ ಕಟ್ಟುಪಾಡು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ. ಹಸಿರು ಟ್ಯೂಬು ಒಂದು ಮರದ ಪೆಟ್ಟಿಗೆಯೊಳಗೆ ಇತ್ತು. ಪೆಟ್ಟಿಗೆಯ ಒಳಮೈಗೆ ಮೂರು ಕಡೆ, ಮೇಲೆ, ಕೆಳಗೆ, ಹೆಬ್ಬೆರಳು ದಪ್ಪ ಸೀಸ ಹೊಡೆದಿದ್ದರು. ನಾಲ್ಕನೆಯ ಕಡೆ ಬಯಲು. ಆ ಬಯಲು ಬದಿಯನ್ನು ಪಡುವಲ ಗೋಡೆಗೆ ತಿರುಗಿಸಿ ಇಡುವುದು. ಮೊಳ ದಪ್ಪದ ಮಣ್ಣಿನ ಗೋಡೆ, ಆಚೆ ಹಾಳು ಬಾವಿ, ನರಪಿಳ್ಳೆ ಸುಳಿಯದ ಜಾಗ. ಮಕ್ಕಳು ಪೆಟ್ಟಿಗೆಯ ಹಿಂದೆ, ಮೂಡಲ ಕಡೆ, ದೂರದಲ್ಲಿ ಚಾಪೆಯ ಮೇಲೆ. ಮತ್ತೆ ಅವಕ್ಕೆ ಕಾಣುವುದು ಹೇಗೆ? ಗೋಡೆಯ ಮೇಲೆ ಕ್ಷೌರದಂಗಡಿಯ ಒಂದು ಹಳೇ ಕನ್ನಡಿ ಓರೆಯಾಗಿ ನೇತುಹಾಕಿದ್ದರು. ಹಸಿರು ಬೆಳಕು ಕನ್ನಡಿಗೆ ಬಡಿದು ಹಿಂದಕ್ಕೆ ತಿರುಗಿ ಮಕ್ಕಳಿಗೆ ಕಾಣುತ್ತಿತ್ತು.

"ಕಾಣೋ ಬೆಳ್ಕಿಗೆ ಮರ್ವಾದೆ ಅದೆ. ಕನ್ನಡಿ ಕಂಡ್ರೆ ವಾಪಸ್ ತಿರೀಕತದೆ. ಕಾಣದೆ ಇರೋದು ಬಡ್ಡೈದಂದು, ಅದಕ್ಕೆ ತಿರುಗೋದು ಗೊತ್ತಿಲ್ಲ. ಮೂಗಿನ ನೇರಕ್ಕೆ ಓಯ್ತಾ ಇರ್ತದೆ. ಓಗ್ಲಿ, ಗೋಡೆಗೆ ಓಗಿ ಸಾಯ್ಲಿ," ಎನ್ನುತ್ತಿದ್ದರು.

ಉರಿಸುವ ಸ್ವಿಚ್ಚಿಗೆ ಹುರಿ ಕಟ್ಟಿ ಬಾಗಿಲಿನ ಆಚೆಗೆ ಎಳೆದಿದ್ದರು. ಹುರಿ ಎಳೆದು ಹಿಡಿದುಕೊಂಡರೆ ಉರಿಯುತ್ತದೆ, ಕೈಬಿಟ್ಟರೆ ಆರುತ್ತದೆ. "ನಾನು ಇಲ್ಲೇ ಬಿದ್ದು ಸತ್ರೂ ಅದು ಆರೋಗ್ಬೇಕು" ಎಂಬುದು ಅವರ ಲೆಕ್ಕ. ಇನ್ನೊಂದು ಮಾತು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: ದೂರ ನಿಲ್ಲು, ಮರೇಲಿ ನಿಲ್ಲು, ಬೇಗ ಮುಗಿಸು. ನನ್ನ ಅತ್ತೆ ಬದುಕಿದ್ದಾಗ ಈ ಮಾತು ಯಾರಾದರೂ ನನಗೆ ಹೇಳಿಕೊಟ್ಟಿದ್ದರೆ ನನ್ನ ಬಾಳು ಬೇರೆಯಾಗಿರುತ್ತಿತ್ತು.

ಇಷ್ಟು ಮಾಡಿಯೂ ಅವರು ನಂಬುತ್ತಿರಲಿಲ್ಲ. ಮಕ್ಕಳು ಬರುವ ದಿನ ಮಧ್ಯಾಹ್ನ ಒಂದು ಪರೀಕ್ಷೆ. ಚಾಮರಾಜನಗರದಿಂದ ಎಕ್ಸ್‌ರೇ ಹಾಳೆ ತರಿಸಿಕೊಂಡು ಚಿಕ್ಕದಾಗಿ ಕತ್ತರಿಸಿ, ಕಪ್ಪು ಕಾಗದದಲ್ಲಿ ಸುತ್ತಿ, ಮಕ್ಕಳು ಕೂರುವ ಚಾಪೆಯ ಮೇಲೆ ಅಲ್ಲೊಂದು ಇಲ್ಲೊಂದು ಇಡುವುದು. ಒಂದೊಂದರ ಮೇಲೂ ಒಂದು ಬೀಗದ ಕೈ. ಒಳಗೆ ಯಾರೂ ಇಲ್ಲದಾಗ ಹೊರಗಿನಿಂದ ಹುರಿ ಎಳೆದು ಉರಿಸಿ, ಆಮೇಲೆ ಬಚ್ಚಲಿನಲ್ಲಿ ಕೆಂಪು ದೀಪ ಹಾಕಿಕೊಂಡು ಹಾಳೆ ತೊಳೆಯುವುದು. ಹಾಳೆ ತಿಳಿಯಾಗಿ ಬಂದರೆ ಕಾಣದ್ದು ಚಾಪೆಯ ತನಕ ಬಂದಿಲ್ಲ, ಮಕ್ಕಳು ಕೂರಬಹುದು. ಹಾಳೆ ಕಪ್ಪಾಗಿ, ಅದರಲ್ಲಿ ಬೀಗದ ಕೈ ಬೆಳ್ಳಗೆ ಮೂಡಿದರೆ ಅಲ್ಲಿಗೆ ಮುಗಿಯಿತು. ಒಂದು ಸಲವೂ ಹಾಗೆ ಮೂಡಿರಲಿಲ್ಲ. ಆ ಬೀಗದ ಕೈಗಳಲ್ಲಿ ಒಂದು ನನ್ನ ಟ್ರಂಕಿನದು, ಬಾಳೆಕಾಯಿಯಂತೆ ಸೊಟ್ಟಗಿತ್ತು. ಸೊಟ್ಟಗಿರುವುದರಿಂದ ಗುರುತು ಸುಲಭ ಎಂದು ಪ್ರತಿವರ್ಷ ಇಸಿದುಕೊಳ್ಳುತ್ತಿದ್ದರು.

ನಾನು ಹೋಗಿ ನಾಲ್ಕನೇ ವರ್ಷ ಇರಬೇಕು, ಆಯುಧಪೂಜೆಯ ದಿನ ಬೆಳಿಗ್ಗೆ. ಅವರು ಕಣ್ಣು ತೋರಿಸಿಕೊಳ್ಳಲು ಚಾಮರಾಜನಗರಕ್ಕೆ ಬಸ್ಸು ಹತ್ತಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಹೋಗುವಾಗ, "ಹಬ್ಬ ಅಲ್ವಾ, ಕೊಟ್ಟಿಗೆ ಒಂದಷ್ಟು ಚೊಕ್ಕ ಮಾಡಮ್ಮಿ" ಎಂದರು. ಬ್ಯಾಟರಿಯ ತಂತಿ ಕಿತ್ತಿಟ್ಟೇ ಹೋಗಿದ್ದರು, ಅದರಲ್ಲಿ ತಪ್ಪಿಲ್ಲ.

ನನ್ನ ಮಗಳು ಹಂಗಳದ ಕಡೆ ಹೂವಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು, ಮಡಿಲು ತುಂಬ ಚೆಂಡುಹೂವು ತಂದಿದ್ದಳು. ಗುಡಿಸಿದೆ, ಒರೆಸಿದೆ. ಬೀದಿಯಲ್ಲಿ ಸೈಕಲ್ಲಿಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಮೆಷಿನ್ನಿಗೆ ಎಲ್ಲದಕ್ಕೂ ಪೂಜೆ ನಡೆಯುತ್ತಿದೆ. ಈ ಮನುಷ್ಯನ ಆಯುಧ ಏನು? ಈ ಪೆಟ್ಟಿಗೆ ತಾನೇ. ಅದಕ್ಕೂ ಮಾಡೋಣ ಎಂದುಕೊಂಡೆ. ನೋಡಿದರೆ ಅದು ಗೋಡೆಗೆ ಮುಖ ಮಾಡಿಕೊಂಡು ಕೂತಿದೆ. ಮುಖ ಯಾವುದು ಎಂದು ನನಗೆ ಹೇಗೆ ಗೊತ್ತು ಎಂದರೆ, ಗೋಡೆಯ ಕಡೆ ಮೇಲಿನ ಹಲಗೆಯ ಅಂಚಿನಲ್ಲಿ ಬಿಳೀ ಬಣ್ಣದಲ್ಲಿ ಏನೋ ಬರೆದಿತ್ತು. ಬರೆದಿರುವ ಕಡೆಯೇ ಮುಖ. ಅಂಗಡಿಗೆ ಬೋರ್ಡು ಎಲ್ಲಿ ಹಾಕುತ್ತಾರೆ? ಲಾರಿಗೆ ದೇವರ ಹೆಸರು ಎಲ್ಲಿ ಬರೆಸುತ್ತಾರೆ? ಗೋಡೆಗೆ ಮುಖ ಮಾಡಿ ಕೂತವನಿಗೆ ಮಂಗಳಾರತಿ ಮಾಡಿದರೆ ಅದು ಪೂಜೆಯಾ?

ಪೆಟ್ಟಿಗೆ ಅಲ್ಲಾಡಿಸಬೇಡ ಎಂದು ಅವರು ಹೇಳಿದ್ದು ನಿಜ. ಅದು ಗುಡಿಸುವಾಗ ಹೇಳಿದ್ದು. ಪೂಜೆಗೆ ಬೇಡ ಎಂದಿರಲಿಲ್ಲ.

ಸೀಸದ ತೂಕ, ಒಬ್ಬಳ ಕೈಯಲ್ಲಿ ಆಗುವಂಥದ್ದಲ್ಲ. ಒಂದು ಕಡೆ ಸನಿಕೆಯಿಂದ ಮೀಟಿ ಗೋಣಿಚೀಲ ತೂರಿಸಿ, ಒರಳುಕಲ್ಲು ತಿರುಗಿಸುವ ಹಾಗೆ ಮೆಲ್ಲಗೆ ಎಳೆದು ಎಳೆದು ಮೂಡಲಿಗೆ ಮುಖ ಮಾಡಿ ಕೂರಿಸಿದೆ. ಸುತ್ತಲೂ ಧೂಳು ಬೀಳದಂತೆ ಕಪ್ಪು ಬಟ್ಟೆ ಇಳಿಬಿಟ್ಟಿತ್ತು, ಅದನ್ನು ಎತ್ತಿ ನೋಡದೆ ಹಾಗೇ ಬಿಟ್ಟೆ. ಬಿಳೀ ಬರಹದ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟೆ. ಚೆನ್ನಾಗಿ ಕಾಣುತ್ತಿತ್ತು. ಸಂಜೆ ಅವರು ಬಂದು ಕಣ್ಣಿಗೆ ಔಷಧಿ ಬಿಟ್ಟುಕೊಂಡು ಬಾಗಿಲಲ್ಲೇ ನಿಂತು, "ಎಲಾ! ನನ್ನ ಟ್ಯೂಬಿಗೂ ಹೂವ ಮುಡಿಸ್ಬುಟ್ಟಿದ್ದೀಯಲ್ಲಮ್ಮಿ" ಎಂದು ನಕ್ಕರು.

ಮಾರನೇ ದಿನ ವಿಜಯದಶಮಿ. ಮಕ್ಕಳು ನಾಲ್ಕು ಗಂಟೆಗೆ ಬರಬೇಕು. ಎರಡು ಗಂಟೆಗೆ ಮೇಷ್ಟ್ರು ಹಾಳೆಗಳನ್ನು ಚಾಪೆಯ ಮೇಲೆ ಇಟ್ಟರು, ತಂತಿ ಸಿಕ್ಕಿಸಿದರು. ಮಬ್ಬು ಕೊಟ್ಟಿಗೆ, ಪೊರೆ ಬಂದ ಕಣ್ಣು, ಸುತ್ತ ಕಪ್ಪು ಬಟ್ಟೆ, ಬರಹದ ಮೇಲೆ ನನ್ನ ಹಾರ. ಏನೂ ತಿಳಿಯಲಿಲ್ಲ. ಹೊರಗೆ ಬಂದು ಹುರಿ ಎಳೆದರು. ಬಿಟ್ಟರು. ಕೋಲಿನಿಂದ ತಿವಿದರು. ಹಾಳೆ ಆರಿಸಿಕೊಂಡು ಬಚ್ಚಲಿಗೆ ಹೋದರು.

ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಬಚ್ಚಲಿನ ಬಾಗಿಲು ತೆಗೆದು ಹೊರಗೆ ಬಂದರು. ಕೈಯಲ್ಲಿ ಹಾಳೆ ತೊಟ್ಟಿಕ್ಕುತ್ತಿತ್ತು. ಕರ್ರಗೆ, ಕಾವಲಿಯ ತಳದಂತೆ. ಮಧ್ಯದಲ್ಲಿ ನನ್ನ ಟ್ರಂಕಿನ ಬೀಗದ ಕೈ, ಸೊಟ್ಟಗೆ, ಬೆಳ್ಳಗೆ, ಸುಣ್ಣದಲ್ಲಿ ಬರೆದಂತೆ.

"ಸೀಸ ಸೋತೋಯ್ತು," ಎಂದರು.

ಹಿತ್ತಲ ಕಲ್ಲಿನ ಮೇಲೆ ಕೂತರು. ಆ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದರು, ಇಳಿಸಿದರು, ಮತ್ತೆ ಹಿಡಿದರು. "ಎಲ್ಲಿ ಬಿರ್ಕು ಬುಟ್ಟದೋ. ಯಾವಾಗ ಬುಟ್ಟದೋ. ಹೋದ್ಸಲ ಪರೀಕ್ಷೆ ಸರಿಯಾಗಿ ಮಾಡಿದ್ನೋ ಇಲ್ವೋ. ಈ ಕಣ್ಣ ನಂಬ್ಕಂಡು..." ಆಮೇಲೆ ಉಗುರಿಲ್ಲದ ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡು, "ನಾಲ್ಕು ವರ್ಷದಿಂದ ಐಕ್ಳ ಕೂರುಸ್ತಾ ಇವ್ನಿ ಕಣಮ್ಮಿ, ನಾನೇ ಕರ್ದು ಕರ್ದು," ಎಂದರು.

ಅವರ ಮುಖ ನಾನು ಅಷ್ಟು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಎಪ್ಪತ್ತು ದಾಟಿದ ಗಂಡಸು, ಮೇಷ್ಟ್ರ ಹತ್ತಿರ ಏಟು ತಿಂದ ಹುಡುಗನ ಹಾಗಾಗಿದ್ದರು. ಬಯಲು ಬದಿ ಗೋಡೆಗೆ ಇದ್ದೂ ಹೀಗಾಯಿತಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿದರು. ಆಗ ನನಗೆ ಅರ್ಥವಾಯಿತು. ಬಯಲು ಬದಿ ಗೋಡೆಗೆ ಇಲ್ಲ. ನಾನು ಅದನ್ನು ಮಕ್ಕಳ ಕಡೆಗೆ ತಿರುಗಿಸಿ, ವಿಭೂತಿ ಬಳಿದು, ಹಾರ ಹಾಕಿ ಕೂರಿಸಿದ್ದೆ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳು ಯಾಕೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆ ಅರ್ಧ, ನನ್ನಿಂದ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ ಅಭ್ಯಾಸ ಇಲ್ಲದ್ದು ಅರ್ಧ. ಅವರು ಕಾಣದಂತೆ ಹೋಗಿ ಪೆಟ್ಟಿಗೆ ಮೊದಲಿನಂತೆ ತಿರುಗಿಸಿಬಿಡೋಣ ಎಂದೂ ಅನ್ನಿಸಿತು. ಆದರೆ ತಿರುಗಿಸಿಟ್ಟರೆ ಅವರು ಸೀಸ ಕಿತ್ತು ಬಿರುಕು ಹುಡುಕುತ್ತಾರೆ, ಸಿಗುವುದಿಲ್ಲ, ನಾಲ್ಕು ವರ್ಷದಿಂದ ಕೂರಿಸಿದ ಮಕ್ಕಳನ್ನೆಲ್ಲ ತಾವೇ ಸುಟ್ಟೆವು ಎಂದುಕೊಂಡೇ ಸಾಯುತ್ತಾರೆ. ತಿಕ್ಕಿದ ಪಾತ್ರೆಯನ್ನೇ ತಿಕ್ಕುತ್ತಾ ಒಂದು ಗಂಟೆ ಕಳೆದೆ. ಸೌಟು ಚಿನ್ನದಂತಾಗಿತ್ತು.

ನಾಲ್ಕಾಯಿತು. ಬಾಗಿಲಲ್ಲಿ ಮಕ್ಕಳ ಗಲಾಟೆ. ನನ್ನ ಮೊಮ್ಮಗಳು ಎಲ್ಲರಿಗಿಂತ ಮುಂದೆ, ಹೊಸ ಲಂಗ ಹಾಕಿಕೊಂಡು, "ಮುಂದ್ಲು ಸಾಲು ನಂದು, ನಮ್ಮಜ್ಜಿ ಈ ಮನೇಲೇ ಇರೋದು" ಎಂದು ಜಗಳವಾಡುತ್ತಿದ್ದಳು. ಮೇಷ್ಟ್ರು ಎದ್ದರು. ವಾಪಸ್ ಕಳಿಸಲು ಹೋಗುತ್ತಿದ್ದಾರೆ. ಬರೀ ಕಳಿಸುವುದಲ್ಲ, ಅಪ್ಪ ಅಮ್ಮಂದಿರನ್ನೆಲ್ಲ ಕರೆದು ಹೇಳಿಬಿಡುತ್ತೇನೆ ಎಂದರು. ನಿಮ್ಮ ಮಕ್ಕಳಿಗೆ ನಾನು ಹೀಗೆ ಮಾಡಿದ್ದೇನೆ ಎಂದು.

"ನಿಂತ್ಕಳಿ ಮೇಷ್ಟ್ರೆ," ಎಂದೆ. "ನಾನೇ ತಿರುಗ್ಸ್ದೆ."

"ಏನ?"

"ಪೆಟ್ಟಿಗೆಯ. ನೆನ್ನೆ. ಪೂಜೆಗೆ."

ಅವರು ಸೀದಾ ಕೊಟ್ಟಿಗೆಗೆ ಹೋದರು, ಚಪ್ಪಲಿ ಹಾಕಿಕೊಂಡೇ ಹೋದರು, ಕೋಲಿನಿಂದ ತಿವಿದರು, ಹಾರ ತೆಗೆದರು, ವಿಭೂತಿ ಒರೆಸಿದರು. ನಾನು ಬಾಗಿಲಲ್ಲಿ ನಿಂತು ಬೈಗುಳಕ್ಕೆ ಕಾಯುತ್ತಿದ್ದೆ. ಬರಲಿಲ್ಲ. ಕುಂಯ್ ಎಂದು ಒಂದು ಸದ್ದು ಬಂತು. ನೋಡಿದರೆ ನಗುತ್ತಿದ್ದಾರೆ. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣಿನ ಔಷಧಿಯೆಲ್ಲ ಕೆನ್ನೆಗೆ ಇಳಿಯಿತು.

"ಯಾಕ್ ತಿರುಗ್ಸ್ದೆ?"

"ಗೋಡೆ ಕಡೀಕೆ ಮೊಕ ಮಾಡ್ಕಂಡಿತ್ತು. ಹಂಗೇ ಪೂಜೆ ಮಾಡೋದಾ?"

"ಮೊಕ ಅದೇ ಅಂತ ಯಾರು ಹೇಳುದ್ರು?"

"ಬರ್ದಿತ್ತಲ್ಲ. ನಿಮ್ಮೆಸ್ರು ಅನ್ಕಂಡೆ."

"ನನ್ನೆಸ್ರಲ್ಲ ಕಣಮ್ಮಿ. 'ಈ ಬದಿ ಗೋಡೆಗೆ' ಅಂತ ಬರ್ದದೆ."

ಅವರ ನಗು ನಿಂತಿತು. ಆ ಬರಹವನ್ನು ಬೆರಳಿನಿಂದ ಸವರಿದರು.

"ತಪ್ಪು ನಂದೇ. ಓದೋರ್ಗೆ ಬರ್ದಿಟ್ಟೆ. ದಿನಾ ಒಳಕ್ ಬರೋಳು ನೀನು, ನಿಂಗೆ ಹೇಳ್ನಿಲ್ಲ. ಆಸ್ಪತ್ರೇಲೂ ಹಿಂಗೇ ಆಯ್ತಿತ್ತು. ಬೋರ್ಡು ಇಂಗ್ಲೀಷಲ್ಲಿ, ಒಳಗೆ ಬರೋರು ನಿಮ್ಮಂತೋರು."

ಮಕ್ಕಳು ಹೊರಗೆ ಕೂಗುತ್ತಿದ್ದವು. ಇಬ್ಬರೂ ಸೇರಿ ಪೆಟ್ಟಿಗೆ ತಿರುಗಿಸಿದೆವು. ಅಷ್ಟಕ್ಕೇ ಶುರುಮಾಡುತ್ತಾರೆ ಎಂದುಕೊಂಡರೆ ಇಲ್ಲ, ಮತ್ತೆ ಹಾಳೆ, ಮತ್ತೆ ಬೀಗದ ಕೈ, ಮತ್ತೆ ಬಚ್ಚಲು. "ಈಗ ಸರಿಯಾಗೈತಲ್ಲ, ಇನ್ಯಾತಕ್ಕೆ?" ಎಂದೆ. "ನೀನು ಹೇಳ್ದೆ ಅಂತ ನಂಬೋದಲ್ಲ, ನಾನು ಹೇಳ್ದೆ ಅಂತ ನಂಬೋದೂ ಅಲ್ಲ. ಹಾಳೆ ಹೇಳ್ಬೇಕು," ಎಂದರು. ಮಕ್ಕಳಿಗೆ ನಾನು ಕಡಲೆಪುರಿ ಹಂಚಿ ಒಂದು ಗಂಟೆ ಕೂರಿಸಿದೆ. ಎರಡನೇ ಸಲದ ಹಾಳೆಗಳು ಕೆರೆಯ ನೀರಿನ ಹಾಗೆ ತಿಳಿಯಾಗಿ ಬಂದವು. ಮೇಷ್ಟ್ರು ಅವನ್ನು ಒಂದೊಂದಾಗಿ ಹಗ್ಗಕ್ಕೆ ನೇತುಹಾಕುವಾಗ ಹಾಡು ಗುನುಗುತ್ತಿದ್ದರು. ಅವರ ಶಾರೀರ ಚೆನ್ನಾಗಿರಲಿಲ್ಲ, ಆದರೂ ನಾನು ಅವತ್ತು ಏನೂ ಅನ್ನಲಿಲ್ಲ.

ಹೊತ್ತು ಮುಳುಗುವಾಗ ಮಕ್ಕಳು ಚಾಪೆಯ ಮೇಲೆ ಕೂತವು. ನೇರಳೆ ಬಂತು, ಗುಲಾಬಿ ಬಂತು, ಓ ಎಂದು ಕೂಗಿದವು. ಕೊನೆಗೆ ಕನ್ನಡಿಯಲ್ಲಿ ಹಸಿರು. ಎಲ್ಲರೂ ಒಟ್ಟಿಗೆ ಹತ್ತು ಎಣಿಸಿದರು, ಕತ್ತಲಾಯಿತು.

"ಅಷ್ಟೇಯಾ?" ಎಂದಳು ನನ್ನ ಮೊಮ್ಮಗಳು. "ನಮ್ ಶೆಟ್ರಂಗಡಿ ಟ್ಯೂಬ್‌ಲೈಟೇ ಇದಕ್ಕಿಂತ ಚಂದಾಗದೆ."

"ಹೌದು ಕಣವ್ವ," ಎಂದರು ಮೇಷ್ಟ್ರು. "ಅದ್ನೇ ನೋಡು. ಇದ್ನ ಎಲ್ಲಾರ ಕಂಡ್ರೆ ದೂರ ನಿಂತ್ಕ."

ಕಪ್ಪಾದ ಹಾಳೆಯನ್ನು ಅವರು ಎಸೆಯಲಿಲ್ಲ. "ನಿನ್ನ ಬೀಗದ ಕೈ ಫೋಟೋ, ನೀನೇ ಇಟ್ಕ" ಎಂದು ಕೊಟ್ಟರು. ಟ್ರಂಕಿನ ತಳದಲ್ಲಿದೆ. ಬೀಗದ ಕೈ ಎಲ್ಲೋ ಕಳೆದುಹೋಯಿತು, ಫೋಟೋ ಉಳಿದಿದೆ.

ಆ ಹಬ್ಬ ಮುಗಿದ ವಾರಕ್ಕೆ ಒಂದು ಸ್ಲೇಟು ತಂದರು. ಎಲ್ಲರಿಗೂ ಅ ಆ ಇ ಈಯಿಂದ ಶುರುವಾದರೆ ನನಗೆ 'ಈ'ಯಿಂದ ಶುರು. ಈ ಬದಿ ಗೋಡೆಗೆ. ಮೂರು ಮಾತು ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. 'ಗೋ' ಬರೆದರೆ ಹಾವು ಹೆಡೆ ಎತ್ತಿದಂತೆ ಬರುತ್ತಿತ್ತು. ಆಮೇಲೆ 'ಒಳಗೆ ಬರಬೇಡಿ'. ಆಮೇಲೆ 'ಮುಟ್ಟಬೇಡಿ'. ನನಗೆ ಬರುತ್ತಿದ್ದ ಅಕ್ಷರವೆಲ್ಲ ಬೇಡ ಬೇಡ ಎನ್ನುವುದಕ್ಕೇ ಆಗುತ್ತಿತ್ತು. ನನ್ನ ಸ್ವಭಾವಕ್ಕೆ ಒಪ್ಪುತ್ತಿತ್ತು. ಹೆಸರು ಬರೆಯಲು ಕಲಿತದ್ದು ಎಲ್ಲಕ್ಕಿಂತ ಕೊನೆಗೆ. ಈಗ ಇದನ್ನು ಬರೆಯುತ್ತಿರುವುದೂ ಆ ಸ್ಲೇಟಿನಿಂದಲೇ. ಕಾಗುಣಿತ ಮಾತ್ರ ಮೊಮ್ಮಗಳು ತಿದ್ದಿದ್ದಾಳೆ.

ಕೊನೆಯ ವರ್ಷ ಅವರು ವಿಜಯದಶಮಿಗೆ ಟ್ಯೂಬು ಉರಿಸಲಿಲ್ಲ. ಎರಡೂ ಕಣ್ಣು ಮಂಜಾಗಿತ್ತು, ಹಾಳೆ ತಿಳಿಯಾಗಿದೆಯೋ ಕಪ್ಪಾಗಿದೆಯೋ ನೋಡಲು ಆಗುತ್ತಿರಲಿಲ್ಲ. "ನಾನು ನೋಡಿ ಹೇಳ್ತೀನಿ" ಎಂದೆ. "ಹೇಳ್ತೀಯ. ಆದ್ರೆ ಉರ್ಸೋನು ನೋಡ್ಬೇಕು, ನೋಡೋಕಾಗ್ದೋನು ಉರಿಸ್ಬಾರ್ದು," ಎಂದರು. ಮಕ್ಕಳಿಗೆ ಕಡಲೆಪುರಿ ಕೊಟ್ಟು ಕಳಿಸಿದೆವು.

ಅವತ್ತೇ ನನಗೆ ಒಂದು ಕೆಲಸ ಒಪ್ಪಿಸಿದರು. ಆ ಟ್ಯೂಬನ್ನು ಕೈಯಲ್ಲಿ ಹಿಡಿದು, ಕೆಳಗಿನ ಗಾಜಿನ ಮೂತಿ ತೋರಿಸಿ, "ನಾನು ಹೋದ್ಮೇಲೆ ಇದ ಯಾರ್ ಕೈಗೂ ಹಿಂಗೇ ಕೊಡಬ್ಯಾಡ. ಕರೆಂಟಿಲ್ದಿದ್ರೆ ಇದು ಬರೀ ಬಾಟ್ಲಿ, ಹೆದರ್ಬ್ಯಾಡ. ಗೋಣಿಚೀಲ ನೆನ್ಸು, ಟ್ಯೂಬ ಅ‌ದರಲ್ಲಿ ಸುತ್ತು, ಮೊಕ ಆ ಕಡೆ ತಿರುಗ್ಸ್ಕ. ಈ ಮೂತಿಗೆ ಅರದಲ್ಲಿ ಒಂದು ಗೀರು ಎಳ್ದು ಇಕ್ಕಳದಲ್ಲಿ ಮುರಿ. ಗಾಳಿ ಒಳಕ್ ಓಯ್ತದೆ. ಗಾಳಿ ಓಯ್ತು ಅಂದ್ರೆ ಮುಗೀತು, ಆಮೇಲೆ ಯಾರು ಏನು ಕರೆಂಟು ಕೊಟ್ರೂ ಇದು ಉರಿಯಾಕಿಲ್ಲ," ಎಂದರು.

"ನೀವೇ ಮುರೀರಿ, ಈಗ್ಲೇ," ಎಂದೆ.

ಅದನ್ನು ಮಡಿಲಲ್ಲಿ ಇಟ್ಟುಕೊಂಡರು. "ನನ್ ಕೈಲಾಗಕಿಲ್ಲ ಕಣಮ್ಮಿ," ಎಂದರು. "ನಿಂಗಾಯ್ತದೆ. ನಿಂಗೆ ಇದ್ರ ಮ್ಯಾಲೆ ಆಸೆ ಇಲ್ಲ."

ನಿಜ. ಇರಲಿಲ್ಲ.

ಮಾಗಿಯ ಚಳಿಯಲ್ಲಿ ಹೋದರು. ಬೆಳಿಗ್ಗೆ ಕಾಫಿ ಕುಡಿದು ಲೋಟ ತೊಳೆದು ಬೋರಲು ಹಾಕಿ, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಾನು ಹೋದಾಗ ಎಡಗೈ ಬೆನ್ನಿಗೂ ಕುರ್ಚಿಗೂ ಮಧ್ಯೆ ಸಿಕ್ಕಿಕೊಂಡಿತ್ತು.

ಚಾಮರಾಜನಗರದಿಂದ ಅವರ ಅಣ್ಣನ ಮಗ ಬಂದು ಎಲ್ಲ ಮಾಡಿದ. ಕೆಟ್ಟವನಲ್ಲ. ಸಂಸ್ಕಾರ ಮುಗಿಸಿ ಬಂದ ಸಂಜೆ ಕೊಟ್ಟಿಗೆಯೆಲ್ಲ ನೋಡಿ, ಹಸಿರು ಟ್ಯೂಬನ್ನು ಎತ್ತಿಕೊಂಡು, "ಅಜ್ಜಿ, ಇದೊಂದು ನಾನು ತಗೊಂಡೋಯ್ತೀನಿ. ಆ ಕಾಯಿಲ್ ಜೊತೆಗೆ. ಟೇಬಲ್ ಮೇಲಿಟ್ಟು ಉರ್ಸಿದ್ರೆ ಮನೆಗೆ ಬರೋರೆಲ್ಲ ನೋಡ್ತಾರೆ, ಮಗಳಿಗೂ ಖುಷಿ ಆಯ್ತದೆ," ಎಂದ.

ಅವನಿಗೆ ಹೇಳಿದೆ. ದೂರ, ಮರೆ, ಬೇಗ ಎಲ್ಲ ಹೇಳಿದೆ. ಕನ್ನಡಿಯ ವಿಷಯ, ಹಾಳೆಯ ವಿಷಯ, ಬೆರಳಿನ ವಿಷಯ. ಅವನು ನಕ್ಕ. "ಚಿಕ್ಕಪ್ಪ ಸುಮ್ಮನೆ ಹೆದರ್ಸ್ತಿದ್ರು ಅಜ್ಜಿ. ಇಷ್ಟುದ್ದದ ಗಾಜು ಏನ್ ಮಾಡ್ತದೆ?"

ಕಸ ಗುಡಿಸುವವಳ ಮಾತು ಯಾರು ಕೇಳುತ್ತಾರೆ. "ಆಯ್ತು ಬುಡಪ್ಪ," ಎಂದೆ. "ಬಸ್ಸಿಗೆ ಓಗೋ ಹೊತ್ಗೆ ಚೆನ್ನಾಗಿ ಒರ್ಸಿ, ಬಟ್ಟೆ ಸುತ್ತಿ ಕೊಡ್ತೀನಿ."

ಮರುದಿನ ಬೆಳಿಗ್ಗೆ ಅವನು ಏಳುವ ಮುಂಚೆ ಹೋದೆ. ರಬ್ಬರ್ ಚಪ್ಪಲಿ ಹಾಕಿಕೊಂಡೆ. ಕೋಲಿನಿಂದ ತಿವಿದೆ, ತಿವಿಯಲು ಏನೂ ಇರಲಿಲ್ಲ, ಆದರೂ. ಗೋಣಿಚೀಲ ನೆನೆಸಿ ಟ್ಯೂಬು ಸುತ್ತಿದೆ, ಮೂತಿಗೆ ಗೀರು ಎಳೆದೆ, ಮುಖ ತಿರುಗಿಸಿಕೊಂಡು ಇಕ್ಕಳ ಒತ್ತಿದೆ. ಲಟಕ್ ಎಂದಿತು. ಆಮೇಲೆ ಸುಯ್ ಎಂದು ಗಾಳಿ ಒಳಗೆ ಹೋಯಿತು, ಬಿಸಿ ಕಾಫಿ ಹೀರುವಾಗ ಅವರು ಮಾಡುತ್ತಿದ್ದ ಸದ್ದಿನ ಹಾಗೆ. ಟ್ಯೂಬು ಒಡೆಯಲಿಲ್ಲ, ಮೇಲೆ ನೋಡಿದರೆ ಮೊದಲಿನಂತೆಯೇ ಇತ್ತು. ಹೇಳಿದಂತೆ ಚೆನ್ನಾಗಿ ಒರೆಸಿದೆ, ಬಟ್ಟೆ ಸುತ್ತಿದೆ, ಅವನ ಕೈಗೆ ಕೊಟ್ಟೆ.